ಚನ್ನಮ್ಮಾಜಿ ಬಾಳಿದ ವಾಡೆಗೆ ಈಗ ಮಾಳಿಗೆಯಿಲ್ಲ

ಐಗಳಿ: ಕುಡಚಿ, ರಾಯಬಾಗ ಸ್ಟೇಷನ್ನಿಗೆ ಬರುವ ರೈಲಿಗೆ ರಾಣಿ ಚನ್ನಮ್ಮನ ಹೆಸರು. ನಮ್ಮ ಭಾಗದ ಹುಡುಗರ ಡಿಗ್ರಿ ಸರ್ಟಿಫಿಕೇಟಿನ ಮೇಲೂ ಅದೇ ಹೆಸರು. ಆದರೆ ಆ ತಾಯಿ ಬಾಳಿದ ಮನೆ ನೋಡಬೇಕೆಂದು ಕಿತ್ತೂರಿಗೆ ಹೋದರೆ ಸಿಗೋದು ಮಾಳಿಗೆ ಇಲ್ಲದ ಗೋಡೆಗಳು.

ಚನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿ ಹತ್ತಿರದ ಕಾಕತಿಯಲ್ಲಿ. ನಿಪ್ಪಾಣಿ, ಸಂಕೇಶ್ವರ ಕಡೆಯಿಂದ ಹೈವೇ ಹಿಡಿದು ಬೆಳಗಾವಿಗೆ ಹೋಗುವವರು ದಾಟುವ ಊರೇ ಅದು. ಕುದುರೆ ಸವಾರಿ, ಕತ್ತಿ ವರಸೆ ಕಲಿತ ದೇಸಾಯರ ಮಗಳು. ಕಿತ್ತೂರಿನ ಮಲ್ಲಸರ್ಜ ದೇಸಾಯರನ್ನು ಮದುವೆಯಾಗಿ ವಾಡೆಗೆ ಬಂದರು. ಮುಂದೆ ಪೇಶ್ವೆ ಮಲ್ಲಸರ್ಜರನ್ನು ಪುಣೆಯಲ್ಲಿ ಸೆರೆಯಿಟ್ಟ. ಬಿಟ್ಟು ಕಳಿಸುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. 1816ರಲ್ಲಿ ತೀರಿಕೊಂಡರು. ಹಿರಿಯ ರಾಣಿ ರುದ್ರವ್ವನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದರೂ 1824ರ ಸೆಪ್ಟೆಂಬರಿನಲ್ಲಿ ಅವರೂ ಹೋದರು.

ಸಾಯೋ ಮುಂಚೆ ತಗೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ವಾಡೆಯ ಖಜಾನೆಗೆ ಸೀಲ್ ಹಾಕಿಸಿ ತನ್ನ ಕಾವಲು ಇಟ್ಟ. ಜಗಳ ಬರೀ ಸಿಂಹಾಸನದ್ದಲ್ಲ, ಮನೆಯೊಳಗಿನ ತಿಜೋರಿ ಕೀಲಿಯದೂ ಹೌದು. ಅಂಗಡಿ ನಡೆಸೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1824ರ ಅಕ್ಟೋಬರ್ 23ರಂದು ಕೋಟೆ ಬಾಗಿಲು ತೆರೆದು ಕಿತ್ತೂರಿನ ಮಂದಿ ಸರ್ದಾರ ಗುರುಸಿದ್ದಪ್ಪನ ಮುಂದಾಳತ್ವದಲ್ಲಿ ಹೊರಗೆ ನುಗ್ಗಿದರು. ಥ್ಯಾಕರೆ ಸತ್ತ. ಗುಂಡು ಹೊಡೆದವನು ಅಮಟೂರ ಬಾಳಪ್ಪ ಎಂದು ಜನ ಇವತ್ತಿಗೂ ಹೇಳತಾರ. ಸೆರೆ ಸಿಕ್ಕ ಸ್ಟೀವನ್‌ಸನ್, ಎಲಿಯಟ್ ಇಬ್ಬರನ್ನೂ ಮಾತುಕತೆ ಆದ ಮೇಲೆ ಬಿಡಲಾಯಿತು. ಆದರೂ ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಚನ್ನಮ್ಮ ಮತ್ತೆ ಆ ವಾಡೆಯಲ್ಲಿ ಇರಲಿಲ್ಲ. ಅವರನ್ನು ಬೈಲಹೊಂಗಲಕ್ಕೆ ಒಯ್ದು ಸೆರೆಯಲ್ಲಿಟ್ಟರು. ನಾಲ್ಕು ವರ್ಷ ದಾಟಿ, 1829ರ ಫೆಬ್ರುವರಿ 2ರಂದು ಅಲ್ಲೇ ತೀರಿಕೊಂಡರು. ಸಂಗೊಳ್ಳಿ ರಾಯಣ್ಣ ಬಡಿದಾಡಿದ್ದು ಅದರ ನಂತರವೂ ನಡೆದಿತ್ತು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ವಾಡೆ ಈಗ ರಾಜ್ಯ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ಕೋಟೆ ಆವರಣದಲ್ಲಿ ಇಲಾಖೆಯ ಮ್ಯೂಸಿಯಂ ಇದೆ. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆ ಇದೆ: ರಕ್ಷಿತ ಎಂದು ಘೋಷಿಸಿದ ಜಾಗದಲ್ಲಿ ಯಾರೂ ತಮಗೆ ತಿಳಿದಂತೆ ಕೆಡವೋ ಹಾಗಿಲ್ಲ, ಕಟ್ಟೋ ಹಾಗೂ ಇಲ್ಲ. ಹಂಗಂತ ಬಿದ್ದ ಮಾಳಿಗೆ ತಾನಾಗೇ ಏಳೋದಿಲ್ಲ. ಉಳಿದ ಗೋಡೆ ಮಳೆಗೆ ಕುಸಿಯದಂತೆ ಕಾಯೋದೇ ದೊಡ್ಡ ಕೆಲಸ. ವಾಡೆಯ ಪ್ರತಿರೂಪವನ್ನು ಕೋಟೆಯಿಂದ ದೂರ, ಬಚ್ಚನಕೇರಿ ಕಡೆ ಕಟ್ಟುವ ಮಾತು ಬಂದಾಗ ಕಿತ್ತೂರಿನವರು ಒಪ್ಪಲಿಲ್ಲ. ಅವರ ಸಿಟ್ಟು ಸುಮ್ಮನೆ ಅಲ್ಲ. ಹೊಸ ಅರಮನೆಗೆ ಬಸ್ಸು ತಿರುಗಿದರೆ ಹಳೇ ವಾಡೆಯನ್ನು ಕೇಳೋರ್ಯಾರು?

ಅಕ್ಟೋಬರಿನಲ್ಲಿ ಉತ್ಸವಕ್ಕೆ ಹೋಗುವವರು ವೇದಿಕೆ ಕಾರ್ಯಕ್ರಮ ಶುರುವಾಗೋ ಮುಂಚೆ, ಬೆಳಕಿರುವಾಗಲೇ ವಾಡೆಯೊಳಗೆ ಒಂದು ಸುತ್ತು ಹಾಕಬಹುದು. ಸ್ನಾನದ ತೊಟ್ಟಿ, ನೀರಿನ ಕೊಳವೆ, ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಬಿಟ್ಟ ಕಿಂಡಿ ಇನ್ನೂ ಕಾಣುತ್ತವೆ. ಸಮಾಧಿ ಮಾತ್ರ ಕಿತ್ತೂರಿನಲ್ಲಿಲ್ಲ. ಅದಕ್ಕೆ ಬೈಲಹೊಂಗಲಕ್ಕೇ ಹೋಗಬೇಕು.