ಪಕ್ಷದ ಪಟ್ಟಿಯಲ್ಲಿಲ್ಲದ ರಾಷ್ಟ್ರಪತಿ: ವಿ.ವಿ. ಗಿರಿ



ವಾಣಿಜ್ಯ ವಿಭಾಗದ ನಮಗೆಲ್ಲ ಒಂದು ದಿನಾಂಕ ಬಾಯಿಪಾಠ ಇರುತ್ತದೆ. 19 ಜುಲೈ 1969, 14 ಬ್ಯಾಂಕುಗಳ ರಾಷ್ಟ್ರೀಕರಣ. ಎರಡು ಅಂಕದ ಪ್ರಶ್ನೆ. ಒಂದು ರಾತ್ರಿ ಮನೆಯಲ್ಲಿ ಇದನ್ನು ಜೋರಾಗಿ ಓದುತ್ತಿದ್ದೆ. ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿ ಆಯುಷ್ಯ ಕಳೆದ ನಮ್ಮ ದಾದಾ ಪಕ್ಕದಲ್ಲೇ ಕುಳಿತಿದ್ದರು. ಆ ಕಾಗದಕ್ಕೆ ಸಹಿ ಹಾಕಿದವರು ಯಾರು ಎಂದು ಉರ್ದುವಿನಲ್ಲಿ ಕೇಳಿದರು. ಇಂದಿರಾ ಗಾಂಧಿ ಎಂದೆ. ದಾದಾ ತಲೆ ಅಲ್ಲಾಡಿಸಿ ನಕ್ಕರು. ಸುಗ್ರೀವಾಜ್ಞೆಗೆ ಪ್ರಧಾನಿ ಸಹಿ ಹಾಕುವುದಿಲ್ಲ, ರಾಷ್ಟ್ರಪತಿ ಹಾಕುತ್ತಾರೆ ಎಂಬುದು ಆಗ ನೆನಪಾಯಿತು.

ಮರುದಿನ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕಿದಾಗ ಆಶ್ಚರ್ಯವಾಯಿತು. ಆ ದಿನ ದೇಶಕ್ಕೆ ಚುನಾಯಿತ ರಾಷ್ಟ್ರಪತಿಯೇ ಇರಲಿಲ್ಲ. ದೇಶದ ಮೊದಲ ಮುಸ್ಲಿಂ ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ಅವರು 1969ರ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ದರು. ಅವರ ಜಾಗದಲ್ಲಿ ಹಂಗಾಮಿಯಾಗಿ ಕೆಲಸ ನೋಡುತ್ತಿದ್ದ ಉಪರಾಷ್ಟ್ರಪತಿ ವಿ.ವಿ. ಗಿರಿ ಆ ಸಹಿ ಹಾಕಿದರು. ಮರುದಿನವೇ ಹುದ್ದೆಗೆ ರಾಜೀನಾಮೆ ಕೊಟ್ಟು, ಯಾವ ಪಕ್ಷದ ಟಿಕೆಟ್ಟೂ ಇಲ್ಲದೆ ರಾಷ್ಟ್ರಪತಿ ಚುನಾವಣೆಗೆ ಇಳಿದರು. ಅವರ ಬದುಕನ್ನು ನಾನು ಓದಿ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ.

ವರಾಹಗಿರಿ ವೆಂಕಟಗಿರಿ ಅವರು 1894ರ ಆಗಸ್ಟ್ 10ರಂದು ಬೆರ್ಹಾಂಪುರದಲ್ಲಿ ಹುಟ್ಟಿದರು. ಆಗ ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಈಗ ಒಡಿಶಾದಲ್ಲಿದೆ. ಮನೆಮಾತು ತೆಲುಗು. ತಂದೆ ಜೋಗಯ್ಯ ಪಂತುಲು ವಕೀಲರು. ಮಗನೂ ವಕೀಲನಾಗಲೆಂದು 1913ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರಕ್ಕೆ ಹೋದರು. ಐರ್ಲೆಂಡ್ ಕೂಡ ನಮ್ಮ ಹಾಗೆಯೇ ಬ್ರಿಟಿಷರ ಕೈಕೆಳಗಿತ್ತು. ಅಲ್ಲಿನ ಸ್ವಾತಂತ್ರ್ಯ ಹೋರಾಟಗಾರರ, ಕಾರ್ಮಿಕ ನಾಯಕರ ಪ್ರಭಾವ ಈ ಯುವಕನ ಮೇಲೆ ಬಿತ್ತು. 1916ರಲ್ಲಿ ಡಬ್ಲಿನ್‌ನಲ್ಲಿ ದಂಗೆ ಎದ್ದ ಮೇಲೆ ಬ್ರಿಟಿಷ್ ಸರ್ಕಾರ ಇವರ ಮೇಲೆ ಸಂಶಯಪಟ್ಟು ದೇಶ ಬಿಡಲು ಹೇಳಿತು. ಅದೇ ವರ್ಷ ಊರಿಗೆ ಮರಳಿದರು.

ಊರಿಗೆ ಬಂದು ವಕೀಲಿ ಶುರು ಮಾಡಿದರು. ಆದರೆ ಗಾಂಧೀಜಿಯವರ ಅಸಹಕಾರ ಚಳವಳಿ ಬಂದಾಗ ವಕೀಲಿಯನ್ನೇ ಬಿಟ್ಟರು. ಹೆಂಡದಂಗಡಿಗಳ ಮುಂದೆ ಧರಣಿ ನಡೆಸಿದ್ದಕ್ಕೆ 1922ರಲ್ಲಿ ಜೈಲಿಗೂ ಹೋದರು.

ಆಮೇಲೆ ಅವರು ಹಿಡಿದ ದಾರಿ ರೈಲ್ವೆ ಕಾರ್ಮಿಕರದು. ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ ಕಟ್ಟಿದವರಲ್ಲಿ ಗಿರಿಯವರೂ ಒಬ್ಬರು. ಅದರ ಪ್ರಧಾನ ಕಾರ್ಯದರ್ಶಿಯಾಗಿ ಹಲವು ವರ್ಷ ದುಡಿದರು. ಬಂಗಾಳ ನಾಗಪುರ ರೈಲ್ವೆಯಲ್ಲಿ ಸಾವಿರಾರು ಜನರನ್ನು ಕೆಲಸದಿಂದ ತೆಗೆಯಲು ಹೊರಟಾಗ, ಕಾರ್ಮಿಕರ ಮುಷ್ಕರವನ್ನು ಮುಂದೆ ನಿಂತು ಶಾಂತಿಯುತವಾಗಿ ನಡೆಸಿದರು. 1927ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಭಾರತದ ಕಾರ್ಮಿಕರ ಪರವಾಗಿ ಹೋದರು. 1931ರಲ್ಲಿ ಲಂಡನ್ನಿನ ಎರಡನೇ ದುಂಡುಮೇಜಿನ ಪರಿಷತ್ತಿನಲ್ಲೂ ಕಾರ್ಮಿಕರ ಪ್ರತಿನಿಧಿಯಾಗಿ ಕುಳಿತರು.

ನಮ್ಮ ಕಾಲೇಜಿನಲ್ಲಿ ಟೊಮೆಟೊ ಮಂಡಿಯ ಹಮಾಲಿಗಳ ಮಕ್ಕಳಿದ್ದಾರೆ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ, ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ದುಡಿಯುವವರ ಮಕ್ಕಳೂ ಇದ್ದಾರೆ. ಒಬ್ಬನೇ ಹೋಗಿ ಕೂಲಿ ಹೆಚ್ಚಿಸಿ ಎಂದು ಕೇಳಿದರೆ ಏನಾಗುತ್ತದೆ, ಎಲ್ಲರೂ ಒಟ್ಟಾಗಿ ಕೇಳಿದರೆ ಏನಾಗುತ್ತದೆ ಎಂಬುದು ಅವರಿಗೆ ನಾನು ಹೇಳಬೇಕಾಗಿಲ್ಲ. ಗಿರಿಯವರ ಅರ್ಧ ಆಯುಷ್ಯ ಇದೇ ಕೆಲಸದಲ್ಲಿ ಹೋಯಿತು. ಮಾಲೀಕರೂ ಕಾರ್ಮಿಕರೂ ಎದುರುಬದುರು ಕುಳಿತು ಮಾತಾಡಿ ಜಗಳ ಬಗೆಹರಿಸಿಕೊಳ್ಳಬೇಕು, ಪ್ರತಿಯೊಂದಕ್ಕೂ ಸರ್ಕಾರವೇ ತೀರ್ಪು ಹೇಳಬಾರದು ಎಂಬುದು ಅವರ ವಿಚಾರ. ಅದಕ್ಕೆ ಗಿರಿ ಮಾರ್ಗ ಎಂದೇ ಹೆಸರು ಬಂತು.

1937ರ ಚುನಾವಣೆಯಲ್ಲಿ ಗಿರಿಯವರು ಬೊಬ್ಬಿಲಿಯಲ್ಲಿ ನಿಂತು, ಮದ್ರಾಸ್ ಪ್ರಾಂತ್ಯದ ಸರ್ಕಾರ ನಡೆಸಿದ್ದ ಬೊಬ್ಬಿಲಿ ರಾಜರನ್ನೇ ಸೋಲಿಸಿದರು. ರಾಜಾಜಿಯವರ ಮಂತ್ರಿಮಂಡಲದಲ್ಲಿ ಕಾರ್ಮಿಕ ಮಂತ್ರಿಯಾದರು. ಸ್ವಾತಂತ್ರ್ಯದ ನಂತರ ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಭಾರತದ ಹೈಕಮಿಷನರ್ ಆಗಿದ್ದರು. 1952ರಲ್ಲಿ ನೆಹರೂ ಸರ್ಕಾರದಲ್ಲಿ ಕೇಂದ್ರ ಕಾರ್ಮಿಕ ಮಂತ್ರಿಯಾದರು.

ಇಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿ ಇದೆ. ಬ್ಯಾಂಕ್ ನೌಕರರ ಸಂಬಳದ ಬಗ್ಗೆ ಮೇಲ್ಮನವಿ ನ್ಯಾಯಮಂಡಳಿ ಕೊಟ್ಟ ತೀರ್ಪನ್ನು ಸರ್ಕಾರ ಬದಲಾಯಿಸಿತು. ನೌಕರರಿಗೆ ಸಿಗಬೇಕಾದದ್ದು ಕಡಿಮೆಯಾಯಿತು. ಗಿರಿಯವರು ಇದನ್ನು ಒಪ್ಪದೆ 1954ರ ಆಗಸ್ಟ್‌ನಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟು ಹೊರಬಂದರು. ಕುರ್ಚಿ ಬಿಡುವುದು ಅವರಿಗೆ ಹೊಸದಲ್ಲ ಎಂದು ಇದರಿಂದ ತಿಳಿಯುತ್ತದೆ.

ಮುಂದೆ ಉತ್ತರ ಪ್ರದೇಶ, ಕೇರಳ, ಕೊನೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾದರು. 1965ರಿಂದ 1967ರವರೆಗೆ ಬೆಂಗಳೂರಿನ ರಾಜಭವನದಲ್ಲಿದ್ದರು. ಅಲ್ಲಿಂದ 1967ರಲ್ಲಿ ಉಪರಾಷ್ಟ್ರಪತಿಯಾಗಿ ದೆಹಲಿಗೆ ಹೋದರು.

ಎರಡು ವರ್ಷ ಕಳೆದು ಜಾಕಿರ್ ಹುಸೇನ್ ಅವರು ತೀರಿಕೊಂಡಾಗ ಮುಂದಿನ ರಾಷ್ಟ್ರಪತಿ ಯಾರು ಎಂಬ ಪ್ರಶ್ನೆ ಎದ್ದಿತು. ಅದರ ಮುಖ್ಯ ತೀರ್ಮಾನ ಆದದ್ದು ನಮ್ಮ ಬೆಂಗಳೂರಿನಲ್ಲಿ. ಫಲಪುಷ್ಪ ಪ್ರದರ್ಶನಕ್ಕೆ ನಾವೆಲ್ಲ ಹೋಗುವ ಲಾಲ್‌ಬಾಗಿನ ಗಾಜಿನ ಮನೆ ಇದೆಯಲ್ಲ, ಅಲ್ಲೇ 1969ರ ಜುಲೈನಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಸೇರಿತ್ತು. ಪಕ್ಷದ ಅಧ್ಯಕ್ಷರು ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಅವರು, ಕಾಮರಾಜ್, ಎಸ್.ಕೆ. ಪಾಟೀಲ್ ಮುಂತಾದ ಹಿರಿಯರ ಗುಂಪನ್ನು ಪತ್ರಿಕೆಗಳು ಸಿಂಡಿಕೇಟ್ ಎಂದು ಕರೆಯುತ್ತಿದ್ದವು. ಯಾರಿಗೆ ಟಿಕೆಟ್ ಕೊಡಬೇಕು, ಯಾರು ಮಂತ್ರಿಯಾಗಬೇಕು ಎಂಬುದೆಲ್ಲ ಈ ಕೆಲವರ ಕೈಯಲ್ಲಿತ್ತು. ಪ್ರಧಾನಿ ಇಂದಿರಾ ಗಾಂಧಿಯವರು ದಲಿತ ನಾಯಕ ಜಗಜೀವನ್ ರಾಮ್ ಅವರ ಹೆಸರು ಹೇಳಿದರು. ಸಂಸದೀಯ ಮಂಡಳಿಯ ಬಹುಮತ ಆಂಧ್ರದ ನೀಲಂ ಸಂಜೀವ ರೆಡ್ಡಿಯವರ ಕಡೆಗೆ ಹೋಯಿತು. ಪ್ರಧಾನಿಯ ಜೊತೆ ನಿಂತವರು ಫಕ್ರುದ್ದೀನ್ ಅಲಿ ಅಹ್ಮದ್ ಅವರು.

ಮರುದಿನವೇ ಗಿರಿಯವರು ತಾವು ಸ್ವತಂತ್ರವಾಗಿ ನಿಲ್ಲುವುದಾಗಿ ಹೇಳಿದರು. ಅವರ ಹಿಂದೆ ದೊಡ್ಡ ಪಕ್ಷ ಇರಲಿಲ್ಲ. ಆದರೆ ಕಾರ್ಮಿಕ ಸಂಘಗಳಲ್ಲಿ ಅವರಿಗೆ ಹಳೆಯ ಬಳಗವಿತ್ತು. ಎಡ ಪಕ್ಷಗಳು, ತಮಿಳುನಾಡಿನ ಡಿ.ಎಂ.ಕೆ., ಪಂಜಾಬಿನ ಅಕಾಲಿ ದಳ, ಮುಸ್ಲಿಂ ಲೀಗ್ ಅವರನ್ನು ಬೆಂಬಲಿಸಿದವು. ಜುಲೈ 19ರಂದು ಬ್ಯಾಂಕ್ ಸುಗ್ರೀವಾಜ್ಞೆಗೆ ಸಹಿ ಬಿತ್ತು. ನಮ್ಮ ಕರಾವಳಿಯ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಕೂಡ ಆ 14ರಲ್ಲಿದ್ದವು. ದೆಹಲಿಯಲ್ಲಿ ಟ್ಯಾಕ್ಸಿ, ರಿಕ್ಷಾ ಓಡಿಸುವವರು, ಸಣ್ಣ ಗುಮಾಸ್ತರು ಪ್ರಧಾನಿಯ ಮನೆ ಮುಂದೆ ಗುಂಪುಗೂಡಿ ಸಂತೋಷಪಟ್ಟರು. ಜುಲೈ 20ರಂದು ಗಿರಿಯವರು ರಾಜೀನಾಮೆ ಕೊಟ್ಟ ಮೇಲೆ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮೊಹಮ್ಮದ್ ಹಿದಾಯತುಲ್ಲಾ ಅವರು ಹಂಗಾಮಿ ರಾಷ್ಟ್ರಪತಿಯಾದರು.

ವಿಚಿತ್ರವೆಂದರೆ ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಗಾಂಧಿಯವರೇ ಸೂಚಕರಾಗಿದ್ದರು. ನಿಜಲಿಂಗಪ್ಪನವರು ಎರಡನೇ ಪ್ರಾಶಸ್ತ್ಯದ ಮತಕ್ಕಾಗಿ ಜನಸಂಘ ಮತ್ತು ಸ್ವತಂತ್ರ ಪಕ್ಷದವರೊಡನೆ ಮಾತಾಡಿದಾಗ ಪ್ರಧಾನಿಗೆ ಕಾರಣ ಸಿಕ್ಕಿತು. ಪಕ್ಷದ ಅಪ್ಪಣೆ ಹೊರಡಿಸಲು ಒಪ್ಪದೆ, ಆತ್ಮಸಾಕ್ಷಿಯಂತೆ ಮತ ಹಾಕಿರಿ ಎಂದು ಕಾಂಗ್ರೆಸ್ಸಿನವರಿಗೆ ತಿಳಿಸಿದರು. ಆತ್ಮಸಾಕ್ಷಿಗೆ ನಮ್ಮ ಮನೆಮಾತಿನಲ್ಲಿ ಜಮೀರ್ ಎನ್ನುತ್ತಾರೆ.

ಮತದಾನ ನಡೆದದ್ದು ಆಗಸ್ಟ್ 16ರಂದು, ಎಣಿಕೆ 20ರಂದು. ಈ ಲೆಕ್ಕ ನಮ್ಮ ಲೆಕ್ಕಶಾಸ್ತ್ರದ ಲೆಕ್ಕಕ್ಕಿಂತ ಸೊಗಸಾಗಿದೆ. ಮತ ಹಾಕುವವರು ಸಂಸದರು ಮತ್ತು ಶಾಸಕರು ಮಾತ್ರ. ಒಬ್ಬೊಬ್ಬರ ಮತಕ್ಕೂ ಒಂದು ಮೌಲ್ಯ ಇರುತ್ತದೆ. ಮತಪತ್ರದಲ್ಲಿ ಒಬ್ಬರಿಗೆ ಗುರುತು ಹಾಕುವುದಲ್ಲ, 1, 2, 3 ಎಂದು ಇಷ್ಟದ ಕ್ರಮ ಬರೆಯಬೇಕು. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಬೇಕು. ಆ ಸಲ ಸಿಂಧು ಮತಗಳ ಮೌಲ್ಯ 8,36,337, ಬೇಕಾದದ್ದು 4,18,169. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಜನಸಂಘ ಮತ್ತು ಸ್ವತಂತ್ರ ಪಕ್ಷದವರು ಬೆಂಬಲಿಸಿದ ಸಿ.ಡಿ. ದೇಶಮುಖ್ ಅವರಿಗೆ 1,12,769. ಯಾರಿಗೂ ಅರ್ಧ ದಾಟಲಿಲ್ಲ. ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆದು ಅವರ ಮತಪತ್ರಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯ ಎಣಿಸಿದರು. ದೇಶಮುಖ್ ಅವರ ಪತ್ರಗಳಲ್ಲಿ ಹೆಚ್ಚಿನವು ರೆಡ್ಡಿಯವರಿಗೆ ಹೋದವು. ಆದರೂ ಕೊನೆಗೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಬಂತು. ಬೇಕಾದದ್ದಕ್ಕಿಂತ 1,908 ಮಾತ್ರ ಹೆಚ್ಚು! ಸ್ವತಂತ್ರವಾಗಿ ನಿಂತು ಗೆದ್ದ ರಾಷ್ಟ್ರಪತಿ ಇವತ್ತಿಗೂ ಅವರೊಬ್ಬರೇ. ಅದೇ ನವೆಂಬರಿನಲ್ಲಿ ಕಾಂಗ್ರೆಸ್ ಎರಡು ಹೋಳಾಯಿತು.

ಚುನಾವಣೆ ಅಕ್ರಮವಾಗಿದೆ ಎಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಸಂಜೀವ ರೆಡ್ಡಿಯವರ ಮಾನ ಕಳೆಯುವ ಕರಪತ್ರವೊಂದು ಸಂಸತ್ತಿನಲ್ಲಿ ಹಂಚಿಕೆಯಾಗಿತ್ತು. ಗಿರಿಯವರು ರಾಷ್ಟ್ರಪತಿಯಾಗಿದ್ದರೂ ತಾವೇ ಕೋರ್ಟಿಗೆ ಬಂದು ಸಾಕ್ಷಿ ಹೇಳಿದರು. 1970ರಲ್ಲಿ ಅರ್ಜಿ ವಜಾ ಆಯಿತು. ಅದೇ ವರ್ಷ ಫೆಬ್ರುವರಿಯಲ್ಲಿ ಬ್ಯಾಂಕ್ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ, ಹೊಸ ಸುಗ್ರೀವಾಜ್ಞೆಗೆ ಮತ್ತೆ ಸಹಿ ಹಾಕಿದವರೂ ಅವರೇ.

ಇಷ್ಟು ಬರೆದು ನಿಲ್ಲಿಸಿದರೆ ಹೊಗಳಿಕೆ ಮಾತ್ರ ಆಗುತ್ತದೆ. ಪಕ್ಷದ ಹಿರಿಯರನ್ನು ಮೀರಿ ಗೆದ್ದ ಗಿರಿಯವರು ಪ್ರಧಾನಿಯ ಮಾತು ಮೀರಲಿಲ್ಲ ಎಂಬ ಟೀಕೆ ಅವರ ಮೇಲಿದೆ. 1973ರಲ್ಲಿ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಅವರೇ ರಾಷ್ಟ್ರಪತಿ. 1974ರ ಮೇ ತಿಂಗಳಲ್ಲಿ ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸ್ ಅವರ ನೇತೃತ್ವದಲ್ಲಿ ದೇಶದ ರೈಲ್ವೆ ನೌಕರರು ಮುಷ್ಕರ ಹೂಡಿದರು. ಅದರ ಮುಂದಾಳತ್ವ ಗಿರಿಯವರೇ ಕಟ್ಟಲು ಕೈಜೋಡಿಸಿದ್ದ ಅದೇ ಫೆಡರೇಷನ್ನಿನದು. ಸರ್ಕಾರ ಸಾವಿರಾರು ಜನರನ್ನು ಜೈಲಿಗೆ ಹಾಕಿ ಮುಷ್ಕರವನ್ನು ಮುರಿಯಿತು. ಒಂದು ಕಾಲಕ್ಕೆ ಆ ನೌಕರರ ಮುಂದೆ ನಡೆದಿದ್ದವರು ಆಗ ರಾಷ್ಟ್ರಪತಿ ಭವನದಲ್ಲಿದ್ದರು. ಇದನ್ನು ಓದಿದಾಗ ನನಗೆ ಬೇಸರವಾಯಿತು. ಪಕ್ಷವಿಲ್ಲದೆ ಗೆಲ್ಲುವುದು ಕಷ್ಟ, ಗೆದ್ದ ಮೇಲೆ ಗೆಲ್ಲಿಸಿದವರಿಂದ ಸ್ವತಂತ್ರವಾಗಿರುವುದು ಇನ್ನೂ ಕಷ್ಟ ಎಂದು ಅನ್ನಿಸಿತು.

1974ರ ಆಗಸ್ಟ್‌ನಲ್ಲಿ ಅವರ ಅವಧಿ ಮುಗಿಯಿತು. ಅವರ ನಂತರ ಬಂದವರು ಬೆಂಗಳೂರಿನ ಸಭೆಯಲ್ಲಿ ಪ್ರಧಾನಿಯ ಜೊತೆ ನಿಂತಿದ್ದ ಫಕ್ರುದ್ದೀನ್ ಅಲಿ ಅಹ್ಮದ್ ಅವರು. ಗಿರಿಯವರಿಗೆ 1975ರಲ್ಲಿ ಭಾರತ ರತ್ನ ಸಿಕ್ಕಿತು. 1980ರ ಜೂನ್‌ನಲ್ಲಿ ಮದ್ರಾಸಿನಲ್ಲಿ ತೀರಿಕೊಂಡರು. ನೋಯ್ಡಾದ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ ಇಂದು ಅವರ ಹೆಸರಿದೆ.

ಈಗ ಇನ್ನೊಬ್ಬ ಗಿರಿ ನಿಲ್ಲಬಹುದೇ? ಆಗ ನಾಮಪತ್ರಕ್ಕೆ ಒಬ್ಬ ಸೂಚಕ, ಒಬ್ಬ ಅನುಮೋದಕ ಸಾಕಿತ್ತು. ಆ ಸಲ 15 ಜನ ಕಣದಲ್ಲಿದ್ದರು. ಸುಮ್ಮನೆ ನಿಲ್ಲುವವರನ್ನು ತಡೆಯಲು 1974ರಲ್ಲಿ ಅದನ್ನು 10 ಮತ್ತು 10 ಮಾಡಿದರು. 1997ರಿಂದ 50 ಸೂಚಕರು, 50 ಅನುಮೋದಕರು, 15,000 ರೂಪಾಯಿ ಠೇವಣಿ ಬೇಕು. ಈ ನೂರು ಜನರೂ ಸಂಸದರು ಅಥವಾ ಶಾಸಕರೇ ಆಗಿರಬೇಕು. ಹಮಾಲಿಗಳೋ ಬೀಡಿ ಕಟ್ಟುವವರೋ ಸೇರಿ ತಮ್ಮವರೊಬ್ಬರನ್ನು ನಿಲ್ಲಿಸಬೇಕೆಂದರೆ ಬಾಗಿಲು ಮೊದಲಿಗಿಂತ ಕಿರಿದಾಗಿದೆ.

ಆದರೆ ಪೂರ್ತಿ ಮುಚ್ಚಿಲ್ಲ. ಈಗಿನ ಲೆಕ್ಕದಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ನಮ್ಮ ಜಿಲ್ಲೆಯಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಕೆ.ಜಿ.ಎಫ್. ಎಂದು ಆರು ಕ್ಷೇತ್ರಗಳಿವೆ. ಗುಣಿಸಿ ನೋಡಿದೆ, 786 ಬಂತು! ನನಗೆ ಯಾಕೆ ನಗು ಬಂತೆಂದು ನಮ್ಮ ಕಾಲೇಜಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಗು ನಿಂತ ಮೇಲೆ ಒಂದು ಯೋಚನೆ ಬಂತು. ಆ 786 ನಮ್ಮದೇ. ನಾವು ಆರಿಸುವ ಶಾಸಕರ ಕೈಯಲ್ಲಿ ಅದು ಇರುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಮುಂದಿನ ವರ್ಷ 18 ತುಂಬುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳೋಣ. ಮನೆಗೆ ಮತ ಕೇಳಲು ಬಂದವರನ್ನು ರಸ್ತೆ, ನೀರಿನ ಬಗ್ಗೆ ಕೇಳುವ ಹಾಗೆಯೇ, ಮೇಲಿನ ಅಪ್ಪಣೆಗೂ ನಿಮ್ಮ ಜಮೀರ್‌ಗೂ ಜಗಳ ಬಂದರೆ ಯಾವ ಕಡೆ ನಿಲ್ಲುತ್ತೀರಿ ಎಂದೂ ಕೇಳೋಣ.

ಇದನ್ನೆಲ್ಲ ದಾದಾಗೆ ಉರ್ದುವಿನಲ್ಲಿ ಓದಿ ಹೇಳಿದೆ. ಎರಡು ಅಂಕದ ಪ್ರಶ್ನೆಗೆ ಇಷ್ಟು ಉದ್ದ ಉತ್ತರವೇ ಎಂದು ಮತ್ತೆ ನಕ್ಕರು.