ಹಿಮದ ಹರಳುಗಳ ಬೆಂಟ್ಲಿ

ವಿಲ್ಸನ್ ಬೆಂಟ್ಲಿಯು 1865ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಗ್ರಾಮದ ಒಕ್ಕಲು ಮನೆತನದಲ್ಲಿ ಜನಿಸಿದನು. ತಾಯಿಯಿತ್ತ ಸೂಕ್ಷ್ಮದರ್ಶಕದಲ್ಲಿ ಹಿಮದ ಹರಳುಗಳನ್ನು ಕಂಡು ಬೆರಗಾದ ಬಾಲಕನು ಅವುಗಳ ಚಿತ್ರ ಬರೆಯತೊಡಗಿದನು. ಆದರೆ ಬರೆದು ಮುಗಿಸುವ ಮೊದಲೇ ಹರಳು ಕರಗಿಹೋಗುತ್ತಿತ್ತು. ಆದುದರಿಂದ ಸೂಕ್ಷ್ಮದರ್ಶಕಕ್ಕೆ ಕ್ಯಾಮರಾ ಜೋಡಿಸಿ, ಹಲವು ವಿಫಲ ಪ್ರಯತ್ನಗಳ ತರುವಾಯ, 1885ರ ಜನವರಿ 15ರಂದು ಹರಳೊಂದರ ಛಾಯಾಚಿತ್ರವನ್ನು ತೆಗೆಯುವುದರಲ್ಲಿ ಯಶಸ್ವಿಯಾದನು.

ನೆರೆಹೊರೆಯವರಿಗೆ ಇದು ಹುಚ್ಚಾಗಿ ತೋರಿತು. ಬಂದ ಹಣಕ್ಕಿಂತ ವೆಚ್ಚವೇ ಮಿಗಿಲಾಯಿತು. ಆದರೂ ಆ ಆನಂದವನ್ನು ತೊರೆಯಲೊಲ್ಲದ ಬೆಂಟ್ಲಿಯು ಬೇಸಾಯ ಮಾಡಿಕೊಂಡೇ, ಮನೆಯಂಗಳಕ್ಕೆ ಬಿದ್ದ ಹಿಮದಿಂದ, ಉಸಿರು ತಾಗಿದರೂ ಕರಗುವ ಹರಳುಗಳನ್ನು ಹೆಕ್ಕಿ, 5000ಕ್ಕೂ ಮಿಕ್ಕ ಚಿತ್ರಗಳನ್ನು ತೆಗೆದನು. ಅವುಗಳಲ್ಲಿ ಆಯ್ದ 2000ಕ್ಕೂ ಹೆಚ್ಚು ಚಿತ್ರಗಳ ಗ್ರಂಥವು 1931ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆತನು ನಿಧನನಾದನು. ಕ್ಷಣದಲ್ಲಿ ಅಳಿಯುವ ಚೆಲುವನ್ನು ಆತನು ಲೋಕಕ್ಕೆ ಉಳಿಸಿಕೊಟ್ಟನು.