ಒಡೆದ ಮಂದೆಯನ್ನು ಸಂತೈಸಿದ ಸಂತ ಜೋಸೆಫ್ ವಾಜ್

ಗೋವಾದ ಬೆಣಾವಲಿಯಲ್ಲಿ 1651ರಲ್ಲಿ ಜನಿಸಿದ ವಂದನೀಯ ಜೋಸೆಫ್ ವಾಜ್ ಅವರು 1681ರಲ್ಲಿ ನಮ್ಮ ಕೆನರಾಕ್ಕೆ ಬಂದಾಗ ಇಲ್ಲಿನ ಕಥೋಲಿಕರು ಇಬ್ಭಾಗವಾಗಿದ್ದರು. ಕೆಲವರು ಪೋರ್ಚುಗೀಸ್ ಪದ್ರುವಾದೊ ಪದ್ಧತಿಯ ಗೋವಾ ಮಹಾಧರ್ಮಪ್ರಾಂತ್ಯದ ಪರ, ಕೆಲವರು ರೋಮ್ ನೇಮಿಸಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕ್ಯಾಸ್ಟ್ರೋ ಅವರ ಪರ. ನಡುವೆ ನಲುಗಿದವರು ಭಕ್ತಾದಿಗಳು.

ಗೋವಾ ಕಳುಹಿಸಿದ್ದರೂ ವಾಜ್ ಅವರು ಜಗಳ ಬೆಳೆಸಲಿಲ್ಲ. ಧರ್ಮಾಧ್ಯಕ್ಷರನ್ನು ಕಂಡು ಮಾತುಕತೆ ನಡೆಸಿ ಸಮಾಧಾನಕ್ಕಾಗಿ ಶ್ರಮಿಸಿದರು.

1687ರಲ್ಲಿ ಅವರು ಬಡವನ ವೇಷದಲ್ಲಿ ಶ್ರೀಲಂಕಾ ಸೇರಿದರು. ಅಲ್ಲಿ ಕ್ಯಾಲ್ವಿನ್ ಪಂಥದ ಡಚ್ಚರು ಕಥೋಲಿಕರನ್ನು ಹಿಂಸಿಸುತ್ತಿದ್ದರು. ಗುಟ್ಟಾಗಿ ಬಲಿಪೂಜೆ ಅರ್ಪಿಸಿ ಭಕ್ತರ ವಿಶ್ವಾಸ ಉಳಿಸಿದ ಅವರು, 1697ರಲ್ಲಿ ಕ್ಯಾಂಡಿಯ ಸಿಡುಬು ರೋಗಿಗಳನ್ನು ಮತಭೇದವಿಲ್ಲದೆ ಆರೈಕೆ ಮಾಡಿದರು.

1711ರ ಜನವರಿ 16ರಂದು ದೈವಾಧೀನರಾದ ಅವರನ್ನು 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಸಂತರೆಂದು ಘೋಷಿಸಿದರು.

ಅವರ ಹಬ್ಬ ಕಳೆದು ಎರಡೇ ದಿನಕ್ಕೆ, ಜನವರಿ 18ರಂದು, ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ಸಪ್ತಾಹ ಆರಂಭವಾಗುತ್ತದೆ. ಇತರ ಸಭೆಗಳ ಸಹೋದರರೊಡನೆ ಪ್ರಾರ್ಥಿಸುವ ನಾವು, ನಮ್ಮ ವಾರ್ಡು, ಸಂಘಟನೆಗಳ ಮನಸ್ತಾಪಗಳನ್ನೂ ಎದುರುಬದುರು ಕುಳಿತು ಬಗೆಹರಿಸಿಕೊಳ್ಳೋಣ.